ಕಾಕುವಿನ ಕೇಕು, ಅಜ್ಜಿಯ ಕೆಂಡ

ಸಕ್ಕರೆ ಕರಗಿ, ಕೆಂಪಾಗಿ, ಇನ್ನೇನು ಸೀದೇ ಹೋಯಿತು ಎನ್ನುವಾಗ ಏಳುವ ಒಂದು ವಾಸನೆಯಿದೆ. ಹಿಂಜವಾಡಿಯಲ್ಲಿ ನಮ್ಮ ಆಫೀಸಿನ ಕೆಳಗೆ ತೆರೆದ ಬೇಕರಿಯಿಂದ ಮೊನ್ನೆ ಅದು ಬಂದಾಗ ಕ್ಯಾಬು ಹತ್ತಲು ಹೊರಟವಳು ಅಲ್ಲೇ ನಿಂತೆ. ತೊಂಬತ್ತರ ದಶಕದ ಧನಕವಡಿ, ನಮ್ಮ ಬಾಡಿಗೆ ಮನೆ, ಅದರ ಮುಂದಿನ ಫರಸಿ ಕಲ್ಲು ಹಾಸಿದ ಅಂಗಳ, ಅಂಗಳದಾಚೆ ಮೇರಿ ಆಂಟಿಯ ಎರಡು ಕೋಣೆ ಎಲ್ಲ ನೆನಪಾದವು. ನಾವು ವಿಜಾಪುರದ ಕಡೆಯಿಂದ ಈ ಮರಾಠಿ ಊರಿಗೆ ಬಂದವರು. ಚಾತುರ್ಮಾಸ ಬಂತೆಂದರೆ ಈರುಳ್ಳಿಗೂ ಒಳಗೆ ಪ್ರವೇಶವಿಲ್ಲದ ಮನೆ; ತತ್ತಿಯ, ಅಂದರೆ ಮೊಟ್ಟೆಯ, ಮಾತು ದೂರವೇ ಉಳಿಯಿತು. ಅಜ್ಜಿ ಇರುವ ತನಕ ಹಾಗೆಯೇ ನಡೆಯಬೇಕಿತ್ತು. ನಿಮ್ಮ ಮನೆಯಲ್ಲೂ ಅಂಥ ಒಬ್ಬರು ಇದ್ದಿರಬಹುದು.

ನನ್ನ ಚಿಕ್ಕಪ್ಪ, ಅಂದರೆ ಕಾಕಾ, ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿದ ವರ್ಷ ಅವನ ಹೆಂಡತಿ, ನಮ್ಮ ಕಾಕು, ಕೇಕು ಮಾಡಿ ಮಾರಲು ಹೊರಟಳು. ಮೇರಿ ಆಂಟಿ ನರ್ಸ್ ಕೆಲಸದಿಂದ ನಿವೃತ್ತರಾಗಿ ಒಬ್ಬರೇ ಇದ್ದರು. ಅವರ ತಾಯಿಯ ಕಾಲದ ಅಡುಗೆ ಪುಸ್ತಕಗಳ ರಟ್ಟು ಕಳಚಿತ್ತು. ಬೆಣ್ಣೆ ಹೀರಿದ ಹಾಳೆಗಳಲ್ಲಿ ಹಿಂದಿನ ಪುಟದ ಅಕ್ಷರ ಕಾಣುತ್ತಿತ್ತು. ಆಂಟಿ ಇಂಗ್ಲಿಷಿನಲ್ಲಿ ಓದಿ ಮರಾಠಿಯಲ್ಲಿ ಹೇಳುವರು, ಕಾಕು ಔನ್ಸುಗಳನ್ನೆಲ್ಲ ಚಹಾ ಕಪ್ಪಿನ ಲೆಕ್ಕಕ್ಕೆ ತರುವಳು. ಆಂಟಿಯ ಮನೆಯಲ್ಲೇ, ಅವರ ದುಂಡನೆಯ ಅಲ್ಯೂಮಿನಿಯಂ ಕರೆಂಟ್ ಓವನ್‌ನಲ್ಲೇ ಬೇಯಿಸುತ್ತಿದ್ದಳು; ಕೇಕಿನ ಬಣ್ಣಕ್ಕೆಂದು ಸಕ್ಕರೆ ಕೆಂಪಗೆ ಕಾಯಿಸುವ ವಾಸನೆ ಅಂಗಳ ದಾಟಿ ಬರುತ್ತಿತ್ತು.

"ತತ್ತಿ ಮುಟ್ಟಿದ ಕೈ ನನ್ನ ಒಲಿ ಮುಟ್ಟಬಾರದು," ಎಂದಳು ಅಜ್ಜಿ.

"ಮುಟ್ಟೂದಿಲ್ರೀ ಅತ್ತಿ. ಸ್ನಾನಾ ಮಾಡೇ ಒಳಗ ಬರ್ತೀನಿ," ಎಂದಳು ಕಾಕು.

ಅಲ್ಲಿಂದ ಅಜ್ಜಿ ಅವಳೊಂದಿಗೆ ಮಾತು ಬಿಟ್ಟಳು. ಮೊದಲು ಅವರಿಬ್ಬರ ನಡುವೆ ದಿನಾ ಬೆಳಿಗ್ಗೆ ಜಗಳವಿತ್ತು. ಸಾರಿಗೆ ಉಪ್ಪು ಹೆಚ್ಚು, ರೊಟ್ಟಿ ದಪ್ಪ, ರಂಗೋಲಿ ಸೊಟ್ಟ, ಏನಾದರೊಂದು. ಆ ಜಗಳದ ದನಿಗೇ ನಾನು ಎಚ್ಚರಾಗುತ್ತಿದ್ದೆ. ಅದು ನಿಂತ ಮೇಲೆ ಮನೆಯಲ್ಲಿ ಪಾತ್ರೆಗಳ ಸದ್ದಷ್ಟೇ ಉಳಿಯಿತು. ಕಾಕು ಸೊರಗಿದಳು, ಆದರೆ ಕೇಕು ಬಿಡಲಿಲ್ಲ.

ಮೇರಿ ಆಂಟಿಯ ಚರ್ಚಿನವರು ಒಮ್ಮೆ ಕ್ರಿಸ್‌ಮಸ್ಸಿಗೆ ದೊಡ್ಡ ಆರ್ಡರ್ ಕೊಟ್ಟರು. ಅದು ಸರಿಹೋದರೆ ಮುಖ್ಯ ರಸ್ತೆಯಲ್ಲಿ ಅಂಗಡಿ ಹಾಕುವ ಧೈರ್ಯ ಬರುತ್ತಿತ್ತು. ಹಬ್ಬದ ಹಿಂದಿನ ದಿನ ಹಿಟ್ಟು ಕಲಸಿ ಮುಗಿಯುವ ಹೊತ್ತಿಗೆ ಓಣಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟು ಹೋಯಿತು. ಕಾಕು ಅಂಗಳದ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಮೇರಿ ಆಂಟಿ ಹಿಟ್ಟಿನ ಪಾತ್ರೆಗೆ ಒದ್ದೆ ಬಟ್ಟೆ ಮುಚ್ಚಿದರು. ಹೊಸ್ತಿಲಲ್ಲಿ ಕುಳಿತು ಬತ್ತಿ ಹೊಸೆಯುತ್ತಿದ್ದ ಅಜ್ಜಿ ಬಹಳ ಹೊತ್ತು ನೋಡಿದಳು.

"ಆ ಹಿಟ್ಟು ಎಷ್ಟೊತ್ತು ತಡೀತದ?"

ಕಾಕು ಬೆಚ್ಚಿ ತಲೆಯೆತ್ತಿದಳು. "ಭಾಳ ಹೊತ್ತು ಇಲ್ರೀ ಅತ್ತಿ."

"ದೊಡ್ಡ ಪಾತೇಲಿ ತಾ. ತಳಕ್ಕ ಉಸುಕು ಹಾಕು. ಮ್ಯಾಲೊಂದು ತಾಟು ಮುಚ್ಚಿ ಅದರ ಮ್ಯಾಲೂ ಕೆಂಡ ಹಾಕೂದು. ಕೆಂಡ ನಾ ನೋಡ್ತೀನಿ." ಅಜ್ಜಿ ಸೆರಗು ಸಿಕ್ಕಿಸಿ ಎದ್ದಳು. "ಒಳಗ ಏನದ ಅಂತ ಮಾತ್ರ ನನಗ ಹೇಳಬ್ಯಾಡ."

ಮೊದಲ ಕೇಕು ಕರಿ ಇದ್ದಿಲಾಯಿತು. ಎರಡನೆಯದು ಉಬ್ಬಿತು. ಸಂಜೆಯವರೆಗೂ ಅಜ್ಜಿ ಅಂಗಳದಲ್ಲೇ ಕುಳಿತು ಇಕ್ಕಳದಿಂದ ಕೆಂಡ ಏರಿಸಿದಳು, ಇಳಿಸಿದಳು. ಮುಚ್ಚಳ ತೆಗೆಯುವಾಗೆಲ್ಲ ಮುಖ ಆಚೆ ತಿರುಗಿಸಿದಳು. ಎಲ್ಲ ಮುಗಿದ ಮೇಲೆ ತಣ್ಣೀರಲ್ಲೇ ತಲೆಸ್ನಾನ ಮಾಡಿ ದೇವರ ಮುಂದೆ ಕುಳಿತಳು. ಮರುದಿನ ಬೆಳಿಗ್ಗೆ ನನಗೆ ಎಚ್ಚರವಾದದ್ದು ಜಗಳದ ದನಿಗೆ. "ಇದ್ದಿಲು ಅಷ್ಟೂ ಸುಟ್ಟು ಕೂತೀ, ನಾಳಿಗೆ ಏನು ಮಾಡ್ತಿ?" ಎನ್ನುತ್ತಿದ್ದಳು ಅಜ್ಜಿ. ಹಾಸಿಗೆಯಲ್ಲೇ ಮಲಗಿ ಆ ಮಾತನ್ನು ಕೇಳುತ್ತ ನನಗೆ ಎಷ್ಟು ಸಮಾಧಾನವಾಯಿತೆಂದು ಹೇಳಲಾರೆ.

ಅಂಗಡಿಯಾಯಿತು, ಚೆನ್ನಾಗಿಯೂ ನಡೆಯಿತು. ಅಜ್ಜಿ ಒಮ್ಮೆಯೂ ಅದರ ಮೆಟ್ಟಿಲು ಹತ್ತಲಿಲ್ಲ. ಎರಡು ಸಾವಿರದ ಇಸವಿಯ ನಂತರದ ವರ್ಷಗಳಲ್ಲಿ ಮೊದಲು ಮೇರಿ ಆಂಟಿ, ಆಮೇಲೆ ಅಜ್ಜಿ ಹೋದರು. ಮನೆಗಳನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದರು. ಅಜ್ಜಿಯ ವರ್ಷಾಂತಿಕದ ಹೊತ್ತಿಗೆ ಕಾಕು ಅಂಗಡಿಯನ್ನೂ ಮುಚ್ಚಿ, ವಾಕಡದಲ್ಲಿ ಮಗಳ ಫ್ಲ್ಯಾಟಿಗೆ ಹೋದಳು.

ಯಾಕೆ ಮುಚ್ಚಿದೆ ಎಂದು ಒಮ್ಮೆ ಕೇಳಿದೆ.

"ನಡಸಬಹುದಿತ್ತು," ಎಂದಳು. "ಖರೇ ಅಂದ್ರ, ಬೆಳಿಗ್ಗೆ ಎದ್ದು ಜಗಳಾಡಲಿಕ್ಕೆ ಯಾರರೆ ಬೇಕಲ್ಲವಾ."

ಹಾಗೆಂದು ನನಗೆ ಚಹಾ ತರಲು ಒಳಗೆ ಹೋದಳು.