ದಿಂಬು ಬೇಡ ಅಂದ ಲಕ್ಷ್ಮಮ್ಮ

ಚಿಕ್ಕಲಸಂದ್ರದ ಲಕ್ಷ್ಮಮ್ಮ ತಮ್ಮ ಮನೆಯ ಅಂಬಾಸಿಡರ್ ಕಾರಿನ ಆ ಕಡೆ ನಿಂತರೆ ಈ ಕಡೆ ಇರುವವರಿಗೆ ತುರುಬೂ ಕಾಣುವುದಿಲ್ಲ, ಬರೀ ದನಿ ಕೇಳುತ್ತದೆ. ಆ ದನಿ ಉತ್ತರಹಳ್ಳಿಯವರೆಗೂ ಕೇಳುತ್ತದೆ ಎಂದು ಅವರ ಮೈದುನ ಯಲ್ಲಯ್ಯ ಆಡಿಕೊಳ್ಳುವುದುಂಟು. ಆಡಿಕೊಳ್ಳಲಿ ಬಿಡಿ. ಬಾಡಿಗೆ ಬರುವ ಮನೆಗಳ ಜಗಲಿಯಲ್ಲಿ ಕೂತು ಆ ಮನುಷ್ಯ ಬೇರೆ ಯಾವ ಕೆಲಸ ತಾನೇ ಮಾಡಿದ್ದಾನೆ?

ಈಗ ಬಾಡಿಗೆ ಮನೆಗಳಿರುವ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದ ಕಾಲಕ್ಕೇ ಲಕ್ಷ್ಮಮ್ಮನ ಗಂಡ ಬೈರಣ್ಣ ಆ ಕಾರು ತಂದಿದ್ದರು. ಮುಂದಿನ ಉದ್ದ ಸೀಟಿನಲ್ಲಿ ಬೈರಣ್ಣ, ಅವರಪ್ಪ, ಯಲ್ಲಯ್ಯ. ಹಿಂದೆ ಒಂದು ಕಿಟಕಿಗೆ ಅತ್ತೆ, ಇನ್ನೊಂದು ಕಿಟಕಿಗೆ ನಾದಿನಿ. ನಡುವೆ ಲಕ್ಷ್ಮಮ್ಮ. ಆ ಕಾರಿನ ಹಿಂಭಾಗದಲ್ಲಿ ಕಾಲಿಡುವ ಜಾಗದ ನಟ್ಟನಡುವೆ ಒಂದು ಉಬ್ಬು ಇದೆ. ಅದರ ಆ ಕಡೆ ಒಂದು ಕಾಲು, ಈ ಕಡೆ ಒಂದು ಕಾಲು, ತೊಡೆಯ ಮೇಲೆ ಪೂಜೆಯ ಬುಟ್ಟಿ. ಗಾಳಿಯಿಲ್ಲದೆ ಬೆವರಿಳಿದರೂ ಬಾಯಿ ಬಿಡುವಂತಿರಲಿಲ್ಲ. ಒಂದು ಸಲ ಬೇಗೂರಿನ ನಾಗೇಶ್ವರನ ಗುಡಿಯಿಂದ ಹೊರಡುವಾಗ ಬೈರಣ್ಣ ಹೆಂಡತಿಗೆ "ಮುಂದೆ ಬಾ" ಅಂದಿದ್ದರು. ಅತ್ತೆ ಕೆಮ್ಮಿದರು. ಬೈರಣ್ಣ ಇನ್ನೊಂದು ಸಲ ಕರೆಯಲಿಲ್ಲ. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಕೆಮ್ಮಿಗೆ ಅಡಗಿಹೋಗುವ ಒಳ್ಳೆಯತನ ಯಾರಿಗೆ ಬೇಕಾಗಿತ್ತು ಎಂದು ಲಕ್ಷ್ಮಮ್ಮನಿಗೆ ಇವತ್ತಿಗೂ ಸಿಟ್ಟಿದೆ.

ಬೈರಣ್ಣ ತೀರಿಕೊಂಡ ಮೇಲೆ ಕಾರು ಶೆಡ್ಡು ಸೇರಿತು. ಅದನ್ನು ಒಳಗೆ ಹೊರಗೆ ಚಂದ ಮಾಡಿಸಿ ಮದುವೆ ಫೋಟೋಗಳಿಗೆ ಬಾಡಿಗೆಗೆ ಬಿಡಬೇಕೆಂದು ಯಲ್ಲಯ್ಯನ ಮಗ ಲಿಖಿತ್ ಲೆಕ್ಕ ಹಾಕಿದ್ದ. ಅಷ್ಟರಲ್ಲಿ ಅರವತ್ತು ದಾಟಿದ ಲಕ್ಷ್ಮಮ್ಮ, ಯಾರಿಗೂ ಹೇಳದೆ ಪದ್ಮನಾಭನಗರದಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸು ಪಡೆದುಬಿಟ್ಟಿದ್ದರು. ಒಂದು ಬೆಳಗ್ಗೆ ಬೀಗದ ಕೈ ಹಿಡಿದು ಅಂಬಾಸಿಡರಿನ ಸ್ಟೇರಿಂಗಿನ ಮುಂದೆ ಕೂತರು. ಕೂತರು ಅನ್ನುವುದಕ್ಕಿಂತ ಮುಳುಗಿದರು ಅನ್ನಬೇಕು. ರಸ್ತೆಯಿರಲಿ, ಬಾನೆಟ್ಟೂ ಕಾಣಲಿಲ್ಲ. ಕಾಲು ಕ್ಲಚ್ಚಿಗೆ ಎಟುಕಲಿಲ್ಲ.

ಜಗಲಿಯಿಂದ ಯಲ್ಲಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಅತ್ತಿಗೆ, ರೋಡಿಗೆ ಹೋಗ್ಬೇಡಿ! ಕಾರು ತಾನಾಗೇ ಬರ್ತಾ ಇದೆ ಅಂತ ಜನ ಹೆದರ್ಕೋತಾರೆ."

"ಸೀಟು ತಗ್ಗಾಗಿದೆ" ಅಂದರು ಲಕ್ಷ್ಮಮ್ಮ.

"ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ."

"ನೆಲ ಡೊಂಕಾಗಿದ್ರೆ ನೆಲಾನೇ ಸರಿ ಮಾಡಿಸ್ಬೇಕು ಯಲ್ಲಯ್ಯ. ನಕ್ರೆ ಸರಿಹೋಗಲ್ಲ."

ಯಲ್ಲಯ್ಯನಿಗೆ ಚುರುಕ್ಕೆಂದಿತು. "ಹಂಗಾದ್ರೆ ಶಿವರಾತ್ರಿಗೆ ನಮ್ಮನ್ನೆಲ್ಲ ಬೇಗೂರಿಗೆ ನೀವೇ ಕರ್ಕೊಂಡು ಹೋಗಿ. ಆಮೇಲೆ ನಾನು ಗಾಡಿ ವಿಷಯ ಎತ್ತಲ್ಲ. ಆಗ್ಲಿಲ್ವಾ, ಲಿಖಿತ್‌ಗೆ ಬಿಟ್ಕೊಟ್ಬಿಡಿ."

"ಆಗ್ಲಿ" ಅಂದರು ಲಕ್ಷ್ಮಮ್ಮ.

ಸಿದ್ದಾಪುರದಲ್ಲಿ ಹಳೇ ಕಾರುಗಳ ಸೀಟು ಕಟ್ಟುವ ಬೈಲಪ್ಪನ ಅಂಗಡಿಗೆ ಲಿಖಿತನೇ ದೊಡ್ಡಮ್ಮನನ್ನೂ ಕಾರನ್ನೂ ಕರೆದೊಯ್ದ. ಬೈಲಪ್ಪ ರೆಕ್ಸಿನ್ ಸೀಳಿದ. ಅದರ ಕೆಳಗೆ ಪುಡಿಪುಡಿಯಾದ ತೆಂಗಿನ ನಾರು, ಅದರ ಕೆಳಗೆ ಗೋಣಿ, ಅದರಡಿ ಸ್ಪ್ರಿಂಗು.

"ಯಜಮಾನ್ರು ಕೂತು ಕೂತು ಈ ಕಡೆ ಸ್ಪ್ರಿಂಗೆಲ್ಲ ಮಲಗಿಬಿಟ್ಟಿವೆ ನೋಡಿ ಅಮ್ಮ" ಅಂದ.

ಬೈರಣ್ಣನ ಭಾರಕ್ಕೆ ಬಿದ್ದ ಆ ಗುಳಿಯ ಮೇಲೆ ಲಕ್ಷ್ಮಮ್ಮ ಅಂಗೈ ಇಟ್ಟರು. ಇಷ್ಟು ವರ್ಷ ಗಂಡನ ಬೆನ್ನನ್ನು ಹಿಂದಿನಿಂದ ನೋಡಿದ್ದೇ ಆಯಿತಲ್ಲ, ಪಕ್ಕದಿಂದ ಒಂದು ದಿನವೂ ನೋಡಲಿಲ್ಲವಲ್ಲ ಅನ್ನಿಸಿ, ದುಃಖ ಬಂದಷ್ಟೇ ರೋಷವೂ ಬಂತು.

"ತೆಗೆದುಹಾಕಿ" ಅಂದರು.

ಬೈಲಪ್ಪ ಬುದ್ಧಿ ಹೇಳಿದ. "ನನ್ನ ಮಾತು ಕೇಳಿ ಅಮ್ಮ. ಸೀಟು ಮೊದಲು ಹೆಂಗಿತ್ತೋ ಹಂಗೇ ಕಟ್ಕೊಡ್ತೀನಿ. ನಿಮಗೆ ಅಂತ ಒಂದು ಗಟ್ಟಿ ದಿಂಬು, ಬೆನ್ನಿಗೊಂದು. ಓಡಿಸೋವಾಗ ಇಟ್ಕೊಳ್ಳಿ, ಬೇಡ ಅಂದಾಗ ತೆಗೀರಿ."

"ಸೂಪರ್ ದೊಡ್ಡಮ್ಮ" ಎಂದು ಲಿಖಿತ್ ತಲೆಯಾಡಿಸಿದ. "ಒರಿಜಿನಲ್ ಲುಕ್ಕೂ ಕೆಡಲ್ಲ."

"ದಿಂಬು ಬೇಡ. ದಿಂಬಿಟ್ರೆ ಯಾರು ಬೇಕಾದ್ರೂ ಎತ್ತಿ ಹಿಂದಕ್ಕೆ ಎಸೀತಾರೆ. ನನ್ನನ್ನೂ ಹಂಗೇ ಹಿಂದಕ್ಕೆ ಹಾಕಿದ್ರು. ನನ್ನ ಎತ್ತರಾನ ಸೀಟಿಗೇ ಸೇರಿಸಿ ಹೊಲೀರಿ."

ಹೀಗೆಂದವರೇ ಚೀಲದಿಂದ ತಾವು ದಿನಾ ಕೂತು ತರಕಾರಿ ಹೆಚ್ಚುವ ಮಣೆ ತೆಗೆದು, ಬಿಚ್ಚಿದ ಸೀಟಿನ ಮೇಲಿಟ್ಟು, ಹತ್ತಿ ಕೂತರು. ಸೀಟನ್ನು ಮುಂದಕ್ಕೆ ಎಳೆಸಿದರು. ಬೆನ್ನಿಗೆ ಮಡಚಿದ ಗೋಣಿಚೀಲ ತುರುಕಿಸಿಕೊಂಡರು. ಬಾನೆಟ್ ಕಂಡಿತು. ಪಾದ ಕ್ಲಚ್ಚಿನ ಮೇಲೆ ಕೂತಿತು.

"ಇಷ್ಟು. ಅಳತೆ ತಗೊಳ್ಳಿ."

"ಈ ಕಡೆ ಗುಡ್ಡ, ಆ ಕಡೆ ಹಳ್ಳ ಆಗುತ್ತೆ ಅಮ್ಮ. ಮುಂದೆ ನಡುವೆ ಮೂರನೆಯೋರು ಕೂರೋಕೂ ಆಗಲ್ಲ."

"ಬೇಡ. ಮುಂದೆ ಮೂರು ಜನ ಕೂತಿದ್ದು ಸಾಕು."

ಲಿಖಿತ್ ಕೊನೆಯ ಪ್ರಯತ್ನ ಮಾಡಿದ. "ಬಣ್ಣ ಆದ್ರೂ ಮೊದಲಿನ ಬೂದಿ ಬಣ್ಣಾನೇ ಹಾಕ್ಸಿ ದೊಡ್ಡಮ್ಮ."

ಲಕ್ಷ್ಮಮ್ಮ ರೆಕ್ಸಿನ್ ಸುರುಳಿಗಳನ್ನೆಲ್ಲ ತಡಕಾಡಿ, ಬದನೆಕಾಯಿ ಬಣ್ಣದ್ದನ್ನು ಎಳೆದು ಹಾಕಿದರು. ಬಾಗಿಲುಗಳ ಒಳಮೈಗೂ ಅದೇ. ಚಾವಣಿಯ ಒಳಹೊದಿಕೆಗೆ ಮಾತ್ರ ಕೆನೆ ಬಣ್ಣ.

ಶಿವರಾತ್ರಿಯ ಬೆಳಗ್ಗೆ ಮನೆಮಂದಿಯೆಲ್ಲ ಕಾರಿನ ಸುತ್ತ ಸೇರಿದರು. ಒಳಗಡೆಯ ಹೊಸ ವಾಸನೆಗೆ ಯಲ್ಲಯ್ಯನಿಗೂ ಆಸೆ ಹುಟ್ಟಿರಬೇಕು. ಬೈರಣ್ಣನಷ್ಟೇ ಎತ್ತರದ ಆಳು ಅವನು. "ಹಬ್ಬದ ದಿನ ರಿಸ್ಕ್ ಯಾಕೆ, ನಾನೇ ಓಡಿಸ್ತೀನಿ" ಎಂದು ಬೀಗದ ಕೈ ಕಿತ್ತುಕೊಂಡು ಒಳಗೆ ತೂರಿದ. ತಲೆ ಚಾವಣಿಗೆ ಒತ್ತಿಕೊಂಡಿತು. ಮಂಡಿಗಳು ಸ್ಟೇರಿಂಗಿನಡಿ ಸಿಕ್ಕಿಬಿದ್ದವು. ಕತ್ತು ಓರೆಯಾಗಿ, ಕೈ ಅಂಡಿನ ಕೆಳಗೆ ತಡಕಾಡತೊಡಗಿತು.

"ಈ ದಿಂಬು ಎಲ್ಲಿಂದ ಎಳೀಬೇಕು ಅತ್ತಿಗೆ?"

"ದಿಂಬಲ್ಲ ಅದು. ಸೀಟು. ಇಳಿ."

ಲಿಖಿತನ ಹೆಂಡತಿ ಶೃತಿ ಕಿಸಕ್ಕನೆ ನಕ್ಕಳು. ಯಲ್ಲಯ್ಯ ಒಂದೊಂದೇ ಕಾಲು ಬಿಡಿಸಿಕೊಂಡು ಇಳಿದ. ಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ತಮ್ಮ ಜಾಗ ಹತ್ತಿದರು. ಪಕ್ಕಕ್ಕೆ ಯಲ್ಲಯ್ಯನ ಹೆಂಡತಿ ಚೆನ್ನಮ್ಮನನ್ನು ಕರೆದರು. ಆಕೆ ಗಂಡನ ಮುಖ ನೋಡಿದಳು. "ಅವನ ಮುಖ ಯಾಕೆ ನೋಡ್ತೀಯ, ಹತ್ತು" ಎಂದು ಗದರಿಸಿಕೊಂಡ ಮೇಲೆ ಹತ್ತಿದಳು. ಹಿಂದಿನ ಒಂದು ಕಿಟಕಿಗೆ ಶೃತಿ, ಇನ್ನೊಂದಕ್ಕೆ ಲಿಖಿತ್. ಯಲ್ಲಯ್ಯನಿಗೆ ಉಳಿದದ್ದು ಒಂದೇ ಜಾಗ. ಅವನು ಕೂತ ಮೇಲೆ ಪೂಜೆಯ ಬುಟ್ಟಿಯೂ ಅವನ ತೊಡೆಗೆ ಬಂತು.

ಲಕ್ಷ್ಮಮ್ಮ ಕನ್ನಡಿ ಸರಿಮಾಡಿಕೊಂಡರು. ಅದರಲ್ಲಿ ಯಲ್ಲಯ್ಯನ ಮುಖ ನಟ್ಟನಡುವೆ ಕಂಡಿತು.

"ಆ ಕಡೆ ಒಂದು ಕಾಲು, ಈ ಕಡೆ ಒಂದು ಕಾಲು ಹಾಕ್ಕೋ ಯಲ್ಲಯ್ಯ. ಬುಟ್ಟಿ ಬಿಗಿಯಾಗಿ ಹಿಡ್ಕೋ. ದಾರೀಲಿ ಕೆಮ್ಮಿದ್ರೆ ನನಗೆ ಕೇಳ್ಸಲ್ಲ."

ಬೇಗೂರು ಬರುವವರೆಗೂ ಯಾರೂ ಕೆಮ್ಮಲಿಲ್ಲ.