ಒಂದೇ ಒಲೆಯ ರೊಟ್ಟಿ

ನಿಜಾಮರ ಕಾಲದ ಆಳಂದದ ಶಾಲೆಯಲ್ಲಿ ನಾನೂ ನನ್ನ ಚಿಕ್ಕಪ್ಪನ ಮಗನೂ ಒಂದೇ ಗೋಣಿತಟ್ಟಿನ ಮೇಲೆ ಕೂತು ಕಲಿತವರು. ಜಗಳವಿಲ್ಲದೆ ಕಥೆಯಿಲ್ಲ ಎಂದು ಮಾಸ್ತರರು ಇಬ್ಬರಿಗೂ ಹೇಳಿಕೊಟ್ಟಿದ್ದರು: ಮನುಷ್ಯನಿಗೂ ಮನುಷ್ಯನಿಗೂ ಜಗಳ, ಮನುಷ್ಯನಿಗೂ ಹೊಳೆಗೂ ಮಳೆಗೂ ಜಗಳ, ಮನುಷ್ಯನಿಗೆ ತನ್ನೊಳಗೇ ಜಗಳ.

ಮುಂದೆ ನಮ್ಮೂರು ಸರಸಂಬಾದ ಹಿರಿಯರು ಜಾತ್ರೆಯಲ್ಲಿ ಆಡಲು ಹೊಸ ಸಣ್ಣಾಟ ಬೇಕೆಂದಾಗ ಇಬ್ಬರೂ ಒಂದೊಂದು ಬರೆದೆವು. ತಾಲೀಮಿಗೆ ಮೊದಲು ಗುಡಿಕಟ್ಟೆಯ ಮೇಲೆ ಹಿರಿಯರಿಗೆ ಓದಿ ತೋರಿಸುವುದು ರೂಢಿ. ನಾನು ರಾಜರ ಕತ್ತಿಕಾಳಗ, ಭೀಮೆಯ ಮಹಾಪೂರ ಎರಡನ್ನೂ ತುರುಕಿದ್ದೆ. ಎಲ್ಲರೂ ಶಾಬಾಸ್ ಎಂದರು. ಆಮೇಲೆ ಅವನು ಓದಿದ. ಮಾತು ಬಿಟ್ಟ ಇಬ್ಬರು ನೆಗೆಣ್ಣಿಯರು, ಅಣ್ಣತಮ್ಮಂದಿರ ಹೆಂಡಿರು. ಒಬ್ಬಳು ರೊಟ್ಟಿ ಬಡಿಯುತ್ತಾಳೆ, ಇನ್ನೊಬ್ಬಳು ಬೇಯಿಸುತ್ತಾಳೆ, ಬಾಯಿಗೆ ಬಂದ ಮಾತನ್ನು ಇಬ್ಬರೂ ನುಂಗುತ್ತಾರೆ. ಅಷ್ಟೇ ಆಟ! ಯಾರೂ ಶಾಬಾಸ್ ಎನ್ನಲಿಲ್ಲ. ನನ್ನ ಅಪ್ಪ ತಲೆಯ ರುಮಾಲು ಬಿಚ್ಚಿ ಕಣ್ಣೊರೆಸಿಕೊಂಡು, ಅದನ್ನೇ ಮೆಚ್ಚುಗೆಯ ಆಯೇರಿಯಾಗಿ ಅವನ ಹೆಗಲಿಗೆ ಹಾಕಿದ.

ದಾರಿಯಲ್ಲಿ ಅವನನ್ನು ತಡೆದೆ. "ಎಲ್ಲಿಂದ ಕದ್ದೀಲೇ ಇದನ್ನ?"

"ಕದಿಯೋದೇನದ ಅಣ್ಣಾ? ನಮ್ಮವ್ವ, ದೊಡ್ಡವ್ವ ಹಂಗೇ ಅದಾರಲ್ಲ. ನೀನೂ ದಿನಾ ಎದುರಿಗೇ ಕೂತು ಉಣ್ತೀದಿ."

ಮನೆಗೆ ಬಂದು ಊಟಕ್ಕೆ ಕೂತೆ. ಅವ್ವ ಬಡಿದಳು, ಚಿಕ್ಕಮ್ಮ ಬೇಯಿಸಿದಳು, ಇಬ್ಬರೂ ಮಾತಾಡಲಿಲ್ಲ. ಬಿಸಿ ರೊಟ್ಟಿ ನನ್ನ ತಾಟಿಗೆ ಬಿತ್ತು. ನಿನ್ನೆಯವರೆಗೆ ಅದು ನಮ್ಮ ಮನೆಯ ರೊಟ್ಟಿಯಾಗಿತ್ತು. ಈಗ ಅದೂ ಅವನದಾಗಿತ್ತು.