ಬಿಚ್ಚಬಾರದಿದ್ದ ಪಿಟೀಲು

ಕಳೆದ ಭಾನುವಾರ ಬೆಳಿಗ್ಗೆ ದಸ್ತಗೀರ್ ಮನೆಗೆ ಬಂದ. ಬಗಲಲ್ಲಿ ಪಿಟೀಲು. ಚಹಾ ಬೇಡವೆಂದ. (ದಸ್ತಗೀರ್ ಚಹಾ ಬೇಡವೆಂದರೆ ಏನೋ ಕೆಟ್ಟಿದೆ ಎಂದೇ ಅರ್ಥ.)

"ಸರ, ಇದನ್ನ ಕೆಡಿಸಿಬಿಟ್ನಿ ನೋಡ್ರಿ" ಎಂದು ಕುಸಿದು ಕುಳಿತ.

ದಸ್ತಗೀರ್ ವಿಜಯಪುರದ ನಮ್ಮ ಓಣಿಯ ಬಡಿಗ. ಬಾಗಿಲು, ಕಿಟಕಿ, ಮಂಚ ಮಾಡಿಕೊಂಡು ಆರಾಮಾಗಿದ್ದವನ ತಲೆಗೆ ಪಿಟೀಲಿನ ಹುಳ ಬಿಟ್ಟವಳು ನನ್ನ ಹೆಂಡತಿ ವಿಮಲಾ. ಅವಳು ತಿಕೋಟಾಕ್ಕೆ ಹೋಗಿ ಮಕ್ಕಳಿಗೆ ಪಿಟೀಲು ಕಲಿಸುತ್ತಿದ್ದಳು. ಮಕ್ಕಳಿಗೆಂದು ಅಂಗಡಿಯಲ್ಲಿ ಸಿಗುವ ಪಿಟೀಲು ನಮ್ಮ ಬಿಸಿಲಿಗೆ ತಾಳುವುದಿಲ್ಲ. ಏಪ್ರಿಲ್ ಬಂತೆಂದರೆ ಅಂಟು ಬಿಡುತ್ತದೆ, ತಂತಿ ಬಿಗಿಯುವ ಬಿರಡೆ ಜಾರುತ್ತದೆ. ಅರ್ಧ ಕ್ಲಾಸು ಶ್ರುತಿ ಸೇರಿಸುವುದರಲ್ಲೇ ಹೋದರೆ ಮಗು ಕಲಿಯುವುದು ಯಾವಾಗ?

ಹಾಗೆಂದು ಇಬ್ಬರೂ ಸೇರಿ, ನಮ್ಮ ಬಿಸಿಲಿಗೂ ನಮ್ಮ ಮಕ್ಕಳ ಕೈಗೂ ಹೊಂದುವ ಪಿಟೀಲು ಮಾಡಲು ಹೊರಟರು. ಹಲಗೆಗಳನ್ನು ತಿಕೋಟಾದ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ನೇತುಹಾಕಿ ನೆರಳುಗಾಳಿಗೆ ಒಣಗಿಸಿದರು. ನೆಲಕ್ಕೆ ಕುಳಿತು ನುಡಿಸುವಾಗ ಪಿಟೀಲಿನ ತುದಿ ಪಾದಕ್ಕೆ ಒತ್ತದಂತೆ ದುಂಡಗೆ ಮಾಡಿದರು. (ಮನೆ ತುಂಬ ಒಣದ್ರಾಕ್ಷಿಯ ವಾಸನೆ. ಇರುವೆಗಳಿಗೂ ಸಂಗೀತದ ರುಚಿ ಹತ್ತಿತ್ತು!)

ಅವರ ಕೆಲಸಕ್ಕೊಂದು ಕ್ರಮವಿತ್ತು. ಇವನು ಪಿಟೀಲು ತರುತ್ತಿದ್ದ. ಅವಳು ಕಣ್ಣು ಮುಚ್ಚಿ ನುಡಿಸಿ ಒಂದು ತಪ್ಪು ಹುಡುಕುತ್ತಿದ್ದಳು. "ದನಿ ಮೂಗಿನ್ಯಾಗ ಐತಿ ದಸ್ತಗೀರಣ್ಣ, ಬಿಚ್ರಿ." ಇವನು ಗೊಣಗುತ್ತಾ ಅಂಟು ಬಿಡಿಸಿ, ಹಲಗೆಯನ್ನು ಒಳಗಿನಿಂದ ತುಸು ಹೆರೆದು, ಮತ್ತೆ ಅಂಟಿಸಿ ತರುತ್ತಿದ್ದ. ಬಿಚ್ಚದೇ ಪಾಸಾದ ಪಿಟೀಲು ಒಂದೂ ಇಲ್ಲ.

ಹೋದ ವರ್ಷ ವಿಮಲಾ ತೀರಿಕೊಂಡಳು. ಈ ಅಂಕಣದಲ್ಲಿ ನಾನದನ್ನು ಬರೆದಿರಲಿಲ್ಲ. ಬರೆಯಲು ಆಗಿರಲಿಲ್ಲ.

ದಸ್ತಗೀರ್ ಮಾತ್ರ ಕೆಲಸ ಬಿಡಲಿಲ್ಲ. ಈ ಬೇಸಿಗೆಗೆ ಹೊಸದೊಂದು ಪಿಟೀಲು ಮುಗಿಸಿದ. ತಿಕೋಟಾದ ಕ್ಲಾಸನ್ನು ಈಗ ನಡೆಸುವವಳು ವಿಮಲಾಳ ಹಳೆಯ ಶಿಷ್ಯೆ ಶ್ರೀದೇವಿ, ಬಬಲೇಶ್ವರದವಳು. ಸುಡುಬಿಸಿಲಿನ ಒಂದು ಮಧ್ಯಾಹ್ನ ಅವಳೂ ನುಡಿಸಿದಳು, ಮಕ್ಕಳೂ ನುಡಿಸಿದರು. ಬಿರಡೆ ಜಾರಲಿಲ್ಲ. ನಾನೂ ಅಲ್ಲಿದ್ದೆ. ನನಗೆ ಸಂಗೀತ ತಿಳಿಯದು, ಆದರೂ ಕಣ್ಣು ತುಂಬಿ ಬಂತು.

"ಭಾಳ ಛಲೋ ಆಗೇತ್ರಿ ಕಾಕಾ, ಇಂಥಾವ ಮಾಡ್ರಿ" ಎಂದಳು ಶ್ರೀದೇವಿ.

ಅಲ್ಲೇ ಎಡವಟ್ಟಾಯಿತು. ಭಾನುವಾರ ನಮ್ಮ ಮನೆಯಲ್ಲಿ ಕುಳಿತು ದಸ್ತಗೀರ್ ಹೇಳಿದ್ದಿಷ್ಟು:

"ಎಲ್ಲಾರೂ ಛಲೋ ಅಂದ್ರು ಸರ. ನನ್ನ ಮನಸ ಒಪ್ಪಲಿಲ್ಲ. ಅಕ್ಕೋರು ಒಂದ ಸಲಕ್ಕ ಒಪ್ಪತಿದ್ರೇನು? ಅವರಿದ್ರ ಬಿಚ್ಚು ಅಂತಿದ್ರು ಅಂತ ನಾನ ಬಿಚ್ಚಿದ್ನಿ. ಒಳಗ ಇಷ್ಟ ಹೆರದ್ನಿ..."

ಕಮಾನು ಎಳೆದು ತೋರಿಸಿದ. ಒಡಕು ದನಿ. ಹಲಗೆ ತೆಳ್ಳಗಾಗಿಬಿಟ್ಟಿತ್ತು. ಹೆರೆದ ಮರ ಮತ್ತೆ ಬೆಳೆಯುವುದುಂಟೆ?

"ಸಾಕ್ರಿ ಸರ. ಇನ್ನ ನಾ ಮಾಡಂಗಿಲ್ಲ. ತಪ್ಪ ಹೇಳೋರ ಇಲ್ಲಂದಮ್ಯಾಲ ಎಲ್ಲಿ ನಿಲ್ಲಬೇಕಂತ ನನಗ ಹೆಂಗ ತಿಳೀಬೇಕು?"

ಪಿಟೀಲಿಗಾಗಿ ಕಾದಿರುವ ಮಕ್ಕಳ ಮುಖ ನೆನಪಾಯಿತು. ಏನಾದರೂ ಹೇಳಿ ಇವನನ್ನು ತಡೆಯಬೇಕಿತ್ತು. ಇದ್ದದ್ದನ್ನೇ ಹೇಳಿದೆ: "ನೀ ಹ್ವಾದಮ್ಯಾಲ ಅಕಿ ಪ್ರತಿ ಸಲ ನನ್ನ ಮುಂದ ಹೇಳ್ತಿದ್ಳು ದಸ್ತಗೀರ, 'ಈ ಮನಷ್ಯಾನ ಕೈ ಬಂಗಾರದ್ದು ನೋಡ್ರಿ' ಅಂತ."

ನಮ್ಮ ಮನೆಗಳೆಲ್ಲ ಹೀಗೇ ಅಲ್ಲವೇ? ತಪ್ಪನ್ನು ಮುಖಕ್ಕೇ ಹೇಳುತ್ತೇವೆ. ಮೆಚ್ಚುಗೆಯನ್ನು ಅವರು ಹೊಸ್ತಿಲು ದಾಟಿದ ಮೇಲೆ ಹೇಳುತ್ತೇವೆ. ಎದುರಿಗೆ ಹೊಗಳಿದರೆ ದೃಷ್ಟಿಯಾದೀತು, ತಲೆ ತಿರುಗೀತು ಎಂಬ ಅಂಜಿಕೆ.

ದಸ್ತಗೀರ್ ಪಿಟೀಲನ್ನು ತೊಡೆಯ ಮೇಲಿಟ್ಟುಕೊಂಡು ಹಲಗೆಯ ಮೇಲೆ ಬೆರಳಾಡಿಸಿದ. ಆಮೇಲೆ ತಲೆಯೆತ್ತಿ ಕೇಳಿದ:

"ಮತ್ತ ನನಗ್ಯಾಕ ಒಮ್ಮಿನೂ ಹೇಳಲಿಲ್ರಿ?"